ಕ್ರೇನಿನವಳ ಪ್ರಾರ್ಥನೆ

ಫೆಬ್ರವರಿ 4

ನನ್ನ ಮಗಳಿಗೆ,

ಕರ್ತನ ಶಾಂತಿ ನಿನ್ನ ಜೊತೆಗಿರಲಿ, ಸ್ವೆಟರು ಮೈಮೇಲಿರಲಿ. ಅಷ್ಟು ಎತ್ತರದಲ್ಲಿ ಗಾಳಿ ಯಾರನ್ನೂ ಸುಮ್ಮನೆ ಬಿಡುವುದಿಲ್ಲ ಎಂದು ನನಗೆ ಗೊತ್ತು.

ಫೋನಿರುವಾಗ ಕಾಗದ ಯಾಕೆ ಎಂದು ಮುಖ ಸಿಂಡರಿಸಬೇಡ. ಫೋನಿನಲ್ಲಿ ನೀನು 'ಚೆನ್ನಾಗಿದೀನಮ್ಮ, ಊಟ ಆಯ್ತು, ಇಡ್ತೀನಿ' ಎಂದು ಸುಳ್ಳುಗಳನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸುತ್ತೀಯ. ಕಾಗದದಲ್ಲಿ ಸುಳ್ಳು ಹೇಳಿದರೆ ಕೈಯಾದರೂ ನೋಯುತ್ತದೆ.

ನೀನು ಕಳಿಸಿದ ಫೋಟೋ ಬಂತು. ಅಂಗಡಿಯಲ್ಲಿ ನನ್ನ ಹೊಲಿಗೆ ಮೆಷಿನ್ನಿನ ಎದುರಿನ ಗೋಡೆಗೆ ಅಂಟಿಸಿದ್ದೇನೆ. ಯೂನಿಫಾರ್ಮಿಗೆ ಅಳತೆ ಕೊಡಲು ಬಂದವರೆಲ್ಲ 'ಇದೇನಮ್ಮ, ಕ್ರೇನಿನ ಚಿತ್ರ?' ಎಂದು ಕೇಳುತ್ತಾರೆ. ನಾನು ಸೂಜಿಗೆ ದಾರ ಪೋಣಿಸುತ್ತ, ತಲೆ ಎತ್ತದೆ, 'ಅದರ ನೆತ್ತಿಯಲ್ಲಿ ಒಂದು ಗಾಜಿನ ಗೂಡಿದೆಯಲ್ಲ, ಅಲ್ಲಿ ಕೂತಿರೋದು ನನ್ನ ಮಗಳು' ಎನ್ನುತ್ತೇನೆ. ಇಂಥ ಮಾತನ್ನು ತಲೆ ಎತ್ತದೆ ಹೇಳಿದರೇ ತೂಕ ಹೆಚ್ಚು. ನಿನ್ನೆ ಒಬ್ಬ ಬ್ಯಾಂಕಿನವರು ಅಳತೆ ಕೊಡುವುದನ್ನು ಬಿಟ್ಟು ಫೋಟೋ ನೋಡುತ್ತ ನಿಂತುಬಿಟ್ಟರು. ಸೊಂಟದ ಅಳತೆಗೆ ಅವರನ್ನು ನಾನೇ ಹಿಡಿದು ತಿರುಗಿಸಬೇಕಾಯಿತು.

ಬುಧವಾರದ ಪ್ರಾರ್ಥನಾ ಕೂಟದ ರೀತಿ ನಿನಗೆ ಗೊತ್ತೇ ಇದೆ. ಪಾಸ್ಟರು ಒಬ್ಬೊಬ್ಬರನ್ನೇ 'ಸ್ತುತಿಗೆ ಏನಿದೆ, ಪ್ರಾರ್ಥನೆಗೆ ಏನಿದೆ' ಎಂದು ಕೇಳುತ್ತಾರೆ, ಇದ್ದವರು ಎದ್ದು ನಿಂತು ಎಲ್ಲರ ಮುಂದೆ ಹೇಳಬೇಕು. ಪಿಯಾನೋ ಅಕ್ಕ ಎಂದಿನಂತೆ ತನ್ನ ಮೊಣಕಾಲನ್ನು ಪ್ರಾರ್ಥನೆಗೆ ಕೊಟ್ಟಳು. ಆ ಮೊಣಕಾಲಿಗೆ ಸಭೆಯ ಸದಸ್ಯತ್ವವನ್ನೇ ಕೊಟ್ಟುಬಿಡಬಹುದು. ನನ್ನದು ಯಾವಾಗಲೂ ಸ್ತುತಿ ಮಾತ್ರ. ಪ್ರಾರ್ಥನೆಗೆಂದು ವಿಷಯ ಕೊಟ್ಟವಳೇ ಅಲ್ಲ ನಾನು, ನಿನ್ನ ಅಪ್ಪ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಕೊಡಲಿಲ್ಲ. ನನ್ನ ಕಷ್ಟ ನನಗೂ ದೇವರಿಗೂ ಗೊತ್ತಿದ್ದರೆ ಸಾಕು, ಅದನ್ನು ಬೆಂಚಿನಿಂದ ಬೆಂಚಿಗೆ ದಾಟಿಸಬೇಕಾಗಿಲ್ಲ.

ಈ ಸಲ ಎದ್ದು ಹೇಳಿದೆ: 'ನನ್ನ ಮಗಳು ಮೋಡದ ಪಕ್ಕ ಕೂತು ಕೆಲಸ ಮಾಡ್ತಾಳೆ. ಹೆದರಿಕೆ ಅವಳ ಹತ್ತಿರ ಸುಳಿಯಲ್ಲ. ಕರ್ತನಿಗೆ ಸ್ತೋತ್ರ.' ಎಲ್ಲರೂ ಆಮೆನ್ ಎಂದರು. ಪಿಯಾನೋ ಅಕ್ಕನ ಆಮೆನ್ ಸ್ವಲ್ಪ ತಡವಾಗಿ ಬಂತು.

ಬರೆ.
ಅಮ್ಮ

ಫೆಬ್ರವರಿ 19

ಅಮ್ಮ,

ನಿನ್ನ ಕಾಗದ ಓದಿ ನಕ್ಕೆ. ಆ ಬ್ಯಾಂಕಿನವರ ಪ್ಯಾಂಟು ಈಗ ಸರಿಯಾಗಿ ಕೂತಿದೆಯೇ?

ನನ್ನ ದಿನ ಹೇಗಿರುತ್ತದೆ ಎಂದು ಬರೆಯುತ್ತೇನೆ, ನಿನಗೆ ಅಂಗಡಿಯಲ್ಲಿ ಹೇಳಿಕೊಳ್ಳಲು ಬೇಕಾಗುತ್ತದೆ. ಬೆಳಿಗ್ಗೆ ಕಂಬದೊಳಗಿನ ಏಣಿ ಹತ್ತಿಕೊಂಡು ಕ್ಯಾಬಿನ್ ಸೇರುತ್ತೇನೆ. ನೀರಿನ ಬಾಟಲು, ಬುತ್ತಿ ಎಲ್ಲ ಬೆನ್ನಿಗೆ. ಕೂತರೆ ಕಾಲ ಕೆಳಗೂ ಗಾಜು. ಎರಡು ಕೈಗೆ ಎರಡು ಲಿವರು, ಬಲಗಾಲಿಗೆ ಒಂದು ಪೆಡಲು. ಅದನ್ನು ಒತ್ತಿದರೆ ನನ್ನ ಮಾತು ರೇಡಿಯೋದಲ್ಲಿ ಸೈಟಿನವರಿಗೆಲ್ಲ ಕೇಳಿಸುತ್ತದೆ, ಬಿಟ್ಟರೆ ಅವರದ್ದು ನನಗೆ. ನಾವು ಕಟ್ಟುತ್ತಿರುವುದು ಒಂದು ಆಸ್ಪತ್ರೆ. ಅದರ ಪ್ರತಿ ಕಂಬಿಯೂ ನನ್ನ ಕೊಕ್ಕೆಯಿಂದಲೋ ಪೈಲ್ವಾನನ ಕೊಕ್ಕೆಯಿಂದಲೋ ಇಳಿದದ್ದು. ಪೈಲ್ವಾನ್ ಎಂದರೆ ಎರಡನೇ ಕ್ರೇನಿನವರು. ಗಾಳಿಯನ್ನೂ ಬೈದು ಪಕ್ಕಕ್ಕೆ ಸರಿಸುವಂಥ ಗಂಟಲು ಅವರದು. ನನ್ನನ್ನು ಪುಟ್ಟಿ ಎನ್ನುತ್ತಾರೆ. ಕೆಳಗೆ ನಿಂತು ನನಗೆ ದಾರಿ ಹೇಳುವವರು ಶಿಳ್ಳೆ ಮಾವ. ರೇಡಿಯೋ ಬರುವ ಮುಂಚೆ ಶಿಳ್ಳೆಯಲ್ಲೇ ಕ್ರೇನು ಆಡಿಸುತ್ತಿದ್ದರಂತೆ. 'ಮಗಳೇ, ಒಂದು ಗೇಣು ಎಡಕ್ಕೆ' ಎಂದರೆ ನಾನು ಒಂದು ಗೇಣೇ ಎಡಕ್ಕೆ ಬಿಡುತ್ತೇನೆ. ಅಷ್ಟು ದೊಡ್ಡ ಯಂತ್ರದಲ್ಲಿ ಒಂದು ಗೇಣು ಅಳೆಯುವುದು ಎಲ್ಲರಿಂದಲೂ ಆಗದು. ಜಂಭ ಎಂದುಕೋ, ಪರವಾಗಿಲ್ಲ, ಜಂಭವೇ.

ಇನ್ನೊಂದು ವಿಷಯ. ಪಕ್ಕದ ಸೈಟಿನ ಕ್ರೇನಿನಲ್ಲಿ ಒಬ್ಬ ಹುಡುಗಿ ಇದ್ದಾಳೆ, ನನಗೆ ಗೆಳತಿ. ಅವಳಿಗೆ ಇತ್ತೀಚೆಗೆ ಏನೋ ಆಗುತ್ತಿದೆ. ಲೋಡು ಗಾಳಿಯಲ್ಲಿ ತೂಗುತ್ತಿರುವಾಗಲೇ ಎದೆ ಡವಡವ ಎನ್ನುತ್ತದೆ, ಬೆರಳು ಮರಗಟ್ಟುತ್ತದೆ, ಕಾಲು ಸೆಟೆದುಕೊಳ್ಳುತ್ತದೆ, ಉಸಿರು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಎತ್ತರದ ಭಯವಲ್ಲವಂತೆ, ಕೆಳಗೆ ಓಡಾಡುವವರ ಭಯ. ಅವರ ತಲೆಯ ಮೇಲೆ ತನ್ನ ಕೈಯಲ್ಲಿರುವುದರ ಭಯ. ಅವಳೂ ನಮ್ಮ ಹಾಗೆ ಪ್ರಾರ್ಥನೆ ಮಾಡುವವಳು. 'ಇದನ್ನ ತೆಗೆದುಹಾಕು ಕರ್ತನೇ' ಎಂದು ದಿನವೂ ಬೇಡುತ್ತಾಳೆ. ಹೋಗಿಲ್ಲ. ತನ್ನ ವಿಶ್ವಾಸದಲ್ಲೇ ಏನಾದರೂ ಕೊರತೆ ಇದೆಯೇ ಎಂದು ಕೇಳುತ್ತಾಳೆ. ಅವಳಿಗೆ ಏನು ಹೇಳಲಿ?

ನಾನು ಚೆನ್ನಾಗಿದ್ದೇನೆ.
ನಿನ್ನ ಮಗಳು

ಮಾರ್ಚ್ 1

ನನ್ನ ಮಗಳಿಗೆ,

ನಿನ್ನ ಆ ಒಂದು ಗೇಣನ್ನು ಅಂಗಡಿಯಲ್ಲಿ ಕೈ ಅಗಲಿಸಿ ತೋರಿಸಿದೆ. ನಮ್ಮ ಕಟಿಂಗ್ ಮಾಸ್ತರು ಮೊದಲ ಸಲ ಮೆಚ್ಚುಗೆಯ ಮುಖ ಮಾಡಿದರು.

ಇನ್ನು ಆ ಹುಡುಗಿಯ ವಿಚಾರ. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಅಷ್ಟು ನಡುಗುವವಳಿಗೆ ಮೇಲೇನು ಕೆಲಸ? ಇಳಿದು ಬರಲಿ. ಜಗತ್ತಿನಲ್ಲಿ ನೆಲದ ಮೇಲೆ ಮಾಡುವ ಕೆಲಸ ಬೇಕಾದಷ್ಟಿದೆ, ನಾನೇ ಮಾಡುತ್ತಿಲ್ಲವೇ? ವಿಶ್ವಾಸದ ಕೊರತೆಯೋ ಏನೋ ನಾನು ಅಳೆದು ನೋಡಿಲ್ಲ, ಆದರೆ ನನ್ನ ಮಗಳು ಅದೇ ಎತ್ತರದಲ್ಲಿ ನೆಟ್ಟಗೆ ಕೂತಿಲ್ಲವೇ? ನಿನ್ನನ್ನು ನೋಡಿ ಕಲಿಯಲಿ. ಅವಳ ನಡುಕ ನಿನಗೆ ಅಂಟಿಕೊಳ್ಳದ ಹಾಗೆ ನೋಡಿಕೋ. ಆಕಳಿಕೆಯ ಹಾಗೆ, ಒಬ್ಬರಿಗೆ ಬಂದರೆ ಪಕ್ಕದವರಿಗೂ ಬರುತ್ತದೆ.

ಇಳಿದು ಬರುವವರೆಗೆ ಅವಳಿಗೆ ಇದೊಂದು ಹೇಳಿಕೊಡು. ದೊಡ್ಡ ಪ್ರಾರ್ಥನೆ ಬೇಡ, ಉದ್ದ ಪ್ರಾರ್ಥನೆಗೆ ಉಸಿರು ಎಲ್ಲಿಂದ ತರುತ್ತಾಳೆ? ಉಸಿರು ಎಳೆಯುವಾಗ 'ಕರ್ತನೇ, ನೀನಿದ್ದೀ.' ಬಿಡುವಾಗ 'ನಾನೂ ಇದ್ದೇನೆ.' ಅಷ್ಟೇ. ನಿನ್ನ ಅಜ್ಜಿ ಹೆರಿಗೆ ಮಾಡಿಸುವಾಗ ಹೆಂಗಸರ ಕೈ ಹಿಡಿದು ಇದನ್ನೇ ಹೇಳಿಸುತ್ತಿದ್ದಳು. ನೋವು ಹೋಗಲಿ ಎಂದಲ್ಲ, ನೋವಿನ ಜೊತೆ ಕೆಲಸ ಸಾಗಲಿ ಎಂದು.

ಅವಳನ್ನು ಬುಧವಾರದ ಪ್ರಾರ್ಥನೆಗೂ ಸೇರಿಸಿದ್ದೇನೆ. ನಾನೇ ಎದ್ದರೆ ನನ್ನ ಮನೆಯಲ್ಲೇ ಏನೋ ಇದೆ ಎಂದುಕೊಂಡಾರು ಎಂದು ಪಿಯಾನೋ ಅಕ್ಕನ ಕಿವಿಯಲ್ಲಿ ಹೇಳಿ ಅವಳಿಂದ ಹೇಳಿಸಿದೆ. 'ಪಕ್ಕದ ಕ್ರೇನಿನ ಹುಡುಗಿ' ಎಂದು ಎಲ್ಲರೂ ಕಣ್ಣು ಮುಚ್ಚಿ ಬೇಡಿದರು.

ಅಮ್ಮ

ಏಪ್ರಿಲ್ 6

ಮಗಳೇ,

ನಿನ್ನ ಕಾಗದ ಬಂದಿಲ್ಲ. ಅಂಚೆಯಲ್ಲಿ ಎಲ್ಲೋ ಕಳೆದಿರಬೇಕು ಎಂದು ನಾನೇ ನನಗೆ ಹೇಳಿಕೊಂಡೆ. ಫೋನಿನಲ್ಲಿ 'ಬರೀತೀನಮ್ಮ' ಎನ್ನುತ್ತೀಯ, ಇಡುತ್ತೀಯ.

ಇಲ್ಲಿ ವಿಶೇಷವೇನಿಲ್ಲ. ಒಬ್ಬ ಕಾವಲುಗಾರರ ಅಂಗಿಗೆ ಎಡತೋಳನ್ನು ಬಲಕ್ಕೂ ಬಲತೋಳನ್ನು ಎಡಕ್ಕೂ ಹೊಲಿದುಬಿಟ್ಟೆ. ಕಟಿಂಗ್ ಮಾಸ್ತರು ನೋಡಿ ನಕ್ಕರು. ನಾನು ಬಿಚ್ಚಿ ಮತ್ತೆ ಹೊಲಿದೆ. ಮನಸ್ಸು ಎಲ್ಲೋ ಇತ್ತು, ಅಷ್ಟೇ. ಚಿಂತೆ ಗಿಂತೆ ಏನೂ ಅಲ್ಲ.

ಆ ಹುಡುಗಿ ಇಳಿದಳೇ? ನಾನು ಬರೆದದ್ದು ಸ್ವಲ್ಪ ಖಾರವಾಯಿತು ಎಂದು ಈಗ ಅನ್ನಿಸುತ್ತಿದೆ. ಅವಳ ಅಮ್ಮ ಯಾರೋ ಏನೋ. ನನ್ನ ಮೇಲೆ ನಿನಗೆ ಕೋಪವಿದ್ದರೆ ಕೋಪದ ಕಾಗದವನ್ನೇ ಬರೆ. ಬೈಗುಳವಾದರೂ ನಿನ್ನ ಅಕ್ಷರದಲ್ಲಿ ಬರಲಿ.

ಅಮ್ಮ

ಏಪ್ರಿಲ್ 14

ಅಮ್ಮ,

ಪಕ್ಕದ ಸೈಟಿನಲ್ಲಿ ಕ್ರೇನೇ ಇಲ್ಲ. ಅಲ್ಲಿರುವುದು ಒಂದು ಪಾರ್ಕಿಂಗ್ ಜಾಗ.

ಆ ಹುಡುಗಿ ನಾನೇ. ನಿನ್ನ ಮಾರ್ಚಿನ ಕಾಗದ ಓದಿದ ಮೇಲೆ ಬರೆಯಲು ಕೈ ಬರಲಿಲ್ಲ. 'ನಡುಗುವವಳಿಗೆ ಮೇಲೇನು ಕೆಲಸ' ಎಂದು ಬರೆದವಳಿಗೆ ಏನೆಂದು ಉತ್ತರಿಸಲಿ? ಮಾರನೆಯ ದಿನ ಏಣಿಯ ಬುಡದಲ್ಲಿ ನಿಂತು ಹತ್ತಲೋ ಬೇಡವೋ ಎಂದುಕೊಂಡೆ. ಹತ್ತಿದೆ. ಅಜ್ಜಿಯ ಮಾತನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಕೆಳಗೇ ಬಿಟ್ಟೆ.

ಅಜ್ಜಿಯ ಮಾತು ಕೆಲಸ ಮಾಡಿತು ಅಮ್ಮ. ಭಯ ಹೋಗಲಿಲ್ಲ, ಆದರೆ ಅದರ ಜೊತೆ ಕೂತಿರಲು ನನಗೊಂದು ಜಾಗ ಸಿಕ್ಕಿತು. 'ತೆಗೆದುಹಾಕು' ಎಂದು ಬೇಡುವಾಗ ದಿನವೂ ಸೋಲುತ್ತಿದ್ದೆ. 'ನೀನಿದ್ದೀ, ನಾನೂ ಇದ್ದೇನೆ' ಎಂದರೆ ಸೋಲು ಗೆಲುವಿನ ಮಾತೇ ಇಲ್ಲ, ಹಾಜರಿ ಮಾತ್ರ. ಲೋಡು ನಿಲ್ಲಿಸಿ, ಹೇಳಿಕೊಂಡು, ಬೆರಳು ನನ್ನವಾದ ಮೇಲೆ ಮತ್ತೆ ಆಡಿಸುತ್ತಿದ್ದೆ. ಮಾರ್ಚ್ ತಿಂಗಳು ಹೀಗೇ ಕಳೆಯಿತು.

ಹೋದ ವಾರ ಎಡವಟ್ಟಾಯಿತು. ಕಂಬಿಯ ಕಟ್ಟು ಮೇಲಿತ್ತು. ಅದು ಬಂತು. ಲೋಡು ನಿಲ್ಲಿಸಿದೆ, ಲಿವರು ಬಿಟ್ಟೆ, ಬಾಯಿಬಿಟ್ಟು ಪ್ರಾರ್ಥಿಸಿದೆ. ಆದರೆ ಕಾಲು ಸೆಟೆದು ಪೆಡಲಿನ ಮೇಲೇ ಕೂತಿತ್ತು, ನನಗೆ ಗೊತ್ತೇ ಆಗಲಿಲ್ಲ. ನನ್ನ 'ಕರ್ತನೇ, ನೀನಿದ್ದೀ' ಸೈಟಿನ ಪ್ರತಿಯೊಂದು ರೇಡಿಯೋದಲ್ಲಿ! ಸಿಮೆಂಟು ಕಲಸುವವರು, ಬಡಗಿಗಳು, ಗೇಟಿನವರು, ಎಲ್ಲರೂ ಕತ್ತೆತ್ತಿ ನೋಡುತ್ತಿದ್ದಾರೆ. ಗಾಜಿನ ಕೆಳಗೆ ಶಿಳ್ಳೆ ಮಾವ ಎರಡೂ ಕೈ ಬೀಸುತ್ತಿರುವುದು ಕಂಡಾಗಲೇ ನನಗೆ ಹೊಳೆದದ್ದು. ಕಾಲು ತೆಗೆದೆ. ಅವರ ದನಿ ಬಂತು: 'ಆಮೆನ್ ಮಗಳೇ. ಈಗ ನಿಧಾನಕ್ಕೆ ಕೆಳಗೆ ಬಿಡು.'

ಬಿಟ್ಟೆ. ಹೇಗಿತ್ತೋ ಹಾಗೇ ಇಳಿಸಿದೆ, ಒಂದು ಕಂಬಿಯೂ ಅಲುಗದ ಹಾಗೆ. ಅದನ್ನು ಯಾರೂ ಗಮನಿಸಲಿಲ್ಲ. ಊಟದ ಹೊತ್ತಿಗೆ ಪೈಲ್ವಾನ್ ಎಲ್ಲರ ಮುಂದೆ 'ಏನ್ ಪುಟ್ಟಿ, ಮೇಲಿನವರಿಗೆ ಡೈರೆಕ್ಟ್ ಲೈನಾ?' ಎಂದರು. ನಾನೂ ನಕ್ಕ ಹಾಗೆ ಮಾಡಿದೆ.

ಸೈಟಿನ ಮೇಡಂ ಕರೆಸಿದರು. ಬೈಯಲಿಲ್ಲ, ಅದಕ್ಕೇ ಹೆಚ್ಚು ಭಯವಾಯಿತು. 'ಪ್ರಾರ್ಥನೆ ಮಾಡಿದ್ದಕ್ಕೆ ನನ್ನ ತಕರಾರಿಲ್ಲಮ್ಮ. ಆದರೆ ನೀನು ಪೆಡಲ್ ಒತ್ತಿಕೊಂಡಿದ್ದಷ್ಟು ಹೊತ್ತು ಕೆಳಗಿನವರು ಕೂಗಿದ್ರೂ ನಿನಗೆ ಕೇಳ್ತಿರಲಿಲ್ಲ. ಯಾರಾದ್ರೂ ಲೋಡಿನ ಕೆಳಗೆ ಬಂದಿದ್ರೆ?' ಎಂದರು. ಗಾಬರಿಯೇ ಎಂದು ಕೇಳಿದರು, ಹೌದು ಎಂದೆ. ಎಷ್ಟು ದಿನದಿಂದ ಎಂದರು, ಅದನ್ನೂ ಹೇಳಿದೆ. ಡಾಕ್ಟರ ಹತ್ತಿರ ಕಳಿಸಿದರು. ಡಾಕ್ಟರು ಪರೀಕ್ಷೆ ಮಾಡಿ, ಇದಕ್ಕೆ ಹೆಸರಿದೆ, ದಾರಿಯೂ ಇದೆ, ತಪ್ಪದೆ ಬಂದು ತೋರಿಸಿಕೋ, ಲೋಡು ನಿಲ್ಲಿಸುವ ಎಚ್ಚರ ನಿನಗಿದೆ, ಕೆಲಸ ಮಾಡಬಹುದು ಎಂದು ಬರೆದುಕೊಟ್ಟರು.

ಮೇಡಂ ಒಂದು ಷರತ್ತು ಹಾಕಿದ್ದಾರೆ. ಅದು ಬಂದಾಗಲೆಲ್ಲ ನಾನು ರೇಡಿಯೋದಲ್ಲಿ 'ಬಂತು' ಎನ್ನಬೇಕು, ಕಾಲು ತೆಗೆಯಬೇಕು. ಸೈಟು ನಿಲ್ಲುತ್ತದೆ. ಸರಿಹೋದ ಮೇಲೆ 'ಆಯ್ತು' ಎನ್ನಬೇಕು. ಇಲ್ಲದಿದ್ದರೆ ಕೆಳಗೆ ಸ್ಟೋರಿನಲ್ಲಿ ಕೆಲಸ. ತಿಂಗಳ ಕೊನೆಯೊಳಗೆ ಹೇಳು ಎಂದಿದ್ದಾರೆ.

ನಾನು ಸ್ಟೋರಿಗೆ ಹೋಗುತ್ತೇನೆ ಅಮ್ಮ. ಭಯವನ್ನು ಹೊತ್ತುಕೊಂಡು ಏಣಿ ಹತ್ತಬಲ್ಲೆ. ಆದರೆ ಅಷ್ಟು ಜನರ ಕಿವಿಗೆ, ಅದರಲ್ಲೂ ಪೈಲ್ವಾನನ ಕಿವಿಗೆ, ನಾನೇ ನನ್ನ ಬಾಯಿಂದ ದಿನವೂ 'ಬಂತು' ಎನ್ನುವುದೇ? ಅದು ನನ್ನಿಂದಾಗದು. ನಾನು ನಿನ್ನ ಮಗಳು.

ಆ ಫೋಟೋ ಗೋಡೆಯಿಂದ ತೆಗೆದುಬಿಡು.

ಏಪ್ರಿಲ್ 22

ನನ್ನ ಮಗಳಿಗೆ,

ಫೋಟೋ ತೆಗೆಯುವುದಿಲ್ಲ.

ನಿನ್ನ ಕಾಗದವನ್ನು ಅಂಗಡಿಯಲ್ಲೇ ಓದಿದೆ. ಓದಿ ಮೆಷಿನ್ ಮೇಲೆ ತಲೆಯಿಟ್ಟೆ. ಕಟಿಂಗ್ ಮಾಸ್ತರು ನೀರು ತಂದುಕೊಟ್ಟು, ಏನೂ ಕೇಳದೆ ಕತ್ತರಿಗೆ ಮರಳಿದರು. ನನಗೆ ಸಿಟ್ಟು ಬಂದದ್ದು ನಿನ್ನ ಮೇಲಲ್ಲ. ಸಭೆಯವರೆಲ್ಲ ಕಣ್ಣು ಮುಚ್ಚಿ ನನ್ನ ಮಗಳಿಗಾಗಿ ಬೇಡುವಾಗ ನಾನೊಬ್ಬಳೇ 'ಪಾಪ, ಯಾರ ಮಗಳೋ' ಎಂದುಕೊಂಡು ಕೂತಿದ್ದೆನಲ್ಲ, ಅದಕ್ಕೆ. ದೇವರಿಗೆ ವಿಳಾಸ ಗೊತ್ತಿತ್ತು. ಹೆತ್ತವಳಿಗೆ ಗೊತ್ತಿರಲಿಲ್ಲ.

'ನಾನು ನಿನ್ನ ಮಗಳು' ಎಂದು ಬರೆದಿದ್ದೀಯ. ಆ ಮಾತು ನನಗೆ ಚುಚ್ಚಿತು. ಸ್ಟೋರಿಗೆ ನಿನ್ನನ್ನು ಇಳಿಸುತ್ತಿರುವುದು ಭಯವಲ್ಲ, ಜಂಭ. ಅದನ್ನು ನೀನು ಅಂಗಡಿಯಿಂದ ತಂದದ್ದಲ್ಲ, ನನ್ನಿಂದ ತಂದದ್ದು. ನಿನ್ನ ಮೇಡಂ ಹೇಳಿದ ಮಾತನ್ನೂ ಯೋಚಿಸಿದೆ. ಪೆಡಲು ಒತ್ತಿಕೊಂಡೇ ಇದ್ದರೆ ಬೇರೆಯವರ ಮಾತು ಕೇಳುವುದಿಲ್ಲ. ನಾನೂ ದೇವರ ಮುಂದೆ ಹೀಗೇ ಒತ್ತಿಕೊಂಡು ಕೂತವಳು. ಸ್ತೋತ್ರ ಸ್ತೋತ್ರ ಎಂದು ನಾನೊಬ್ಬಳೇ ಮಾತಾಡಿದ್ದು.

ಇವತ್ತು ಬುಧವಾರ. ಪಾಸ್ಟರು ನನ್ನ ಕಡೆ ತಿರುಗಿ, ಅಭ್ಯಾಸಬಲದಿಂದ 'ಸ್ತುತಿಗೆ ಏನಿದೆಯಮ್ಮ?' ಎಂದರು. ನಾನು ಎದ್ದು 'ಇವತ್ತು ಪ್ರಾರ್ಥನೆಗೆ' ಎಂದೆ. ಪಿಯಾನೋ ಅಕ್ಕ ಪೂರ್ತಿ ತಿರುಗಿ ಕೂತಳು, ಮೊಣಕಾಲು ನೋವು ಎಲ್ಲಿ ಹೋಯಿತೋ. ಮುಂದಿನ ಬೆಂಚು ಹಿಡಿದುಕೊಂಡೆ. ಹೇಳಿದೆ: 'ಆ ಪಕ್ಕದ ಕ್ರೇನಿನ ಹುಡುಗಿ ನನ್ನ ಮಗಳೇ. ಅವಳಿಗೆ ಹೆದರಿಕೆ ಆಗುತ್ತೆ. ಹೆದರಿಕೆ ಇಟ್ಟುಕೊಂಡೇ ಅವಳು ಒಂದು ಕಂಬಿ ಅಲುಗದ ಹಾಗೆ ಇಳಿಸ್ತಾಳೆ. ಹೆದರಿಕೆ ಇಲ್ಲದೋರು ಯಾರು ಬೇಕಾದ್ರೂ ಹತ್ತಬಹುದು. ಅವಳಿಗಾಗಿ ಬೇಡಿ. ನನಗೂ ರಾತ್ರಿ ನಿದ್ದೆ ಇಲ್ಲ, ನನಗಾಗಿಯೂ ಬೇಡಿ.'

ಆಮೇಲೆ ಪಿಯಾನೋ ಅಕ್ಕ ಎದ್ದು ಬಂದು ನನ್ನ ಪಕ್ಕ ಕೂತು ಕೈ ಹಿಡಿದಳು. 'ಇಷ್ಟು ವರ್ಷ ನಿಮ್ಮ ಪಕ್ಕ ಕೂರೋಕೆ ಧೈರ್ಯ ಬರ್ತಿರಲಿಲ್ಲ ನನಗೆ' ಎಂದಳು. ನಾನು ಅವಳ ಮೊಣಕಾಲನ್ನು ಎಷ್ಟು ಆಡಿಕೊಂಡಿದ್ದೆ!

ಅಷ್ಟು ಹೇಳಿಯೂ ಯಾರ ಕಣ್ಣಲ್ಲೂ ನಾನು ಚಿಕ್ಕವಳಾಗಲಿಲ್ಲ ಮಗಳೇ. ಅದನ್ನು ಹೇಳಲೆಂದೇ ಮನೆಗೆ ಬಂದ ತಕ್ಷಣ, ಚಪ್ಪಲಿ ಬಿಚ್ಚದೆ ಬರೆಯುತ್ತಿದ್ದೇನೆ. ಸೈಟು ನಿಲ್ಲುತ್ತದೆ ಎಂದೆಯಲ್ಲ, ಒಂದು ಮಾತಿಗೆ ಅಷ್ಟು ಜನ ನಿನಗಾಗಿ ನಿಲ್ಲುವುದು ಅವಮಾನ ಹೇಗಾಗುತ್ತದೆ? ಸ್ಟೋರಿಗೆ ಹೋಗಲೇಬೇಕು ಎನಿಸಿದರೆ ಹೋಗು, ಅಲ್ಲೂ ನೀನು ನನ್ನ ಮಗಳೇ. ಆದರೆ ಪೈಲ್ವಾನನ ಕಿವಿಗೆ ಹೆದರಿ ಹೋಗಬೇಡ.

ಅಮ್ಮ

ಮೇ 9

ಅಮ್ಮ,

ನಾನು ಮೇಲೇ ಇದ್ದೇನೆ.

ನಿನ್ನ ಕಾಗದ ಬಂದ ದಿನವೇ ಮೇಡಂಗೆ ಹೇಳಿದೆ. ಅವರು ಎಲ್ಲರನ್ನೂ ಸೇರಿಸಿ, 'ಕ್ರೇನಿನಿಂದ ಬಂತು ಅಂದ್ರೆ ಎಲ್ಲರೂ ಕೈ ನಿಲ್ಲಿಸಿ, ಆಯ್ತು ಅನ್ನೋವರೆಗೆ ಯಾರೂ ಕೂಗಬೇಡಿ' ಎಂದರು. ಯಾರಿಗೆ, ಯಾಕೆ ಎಂದು ಬಿಡಿಸಿ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಪೈಲ್ವಾನ್ ಮಾತ್ರ ತಮ್ಮ ಬೂಟು ನೋಡುತ್ತಿದ್ದರು. ಏನೋ ಹೊಸ ತಮಾಷೆ ತಯಾರು ಮಾಡುತ್ತಿದ್ದಾರೆ ಎಂದುಕೊಂಡೆ.

ಮೊದಲ ಸಲ 'ಬಂತು' ಎನ್ನಲು ಪೆಡಲು ಒತ್ತಿದೆ. ಅಂದೆ, ಕಾಲು ತೆಗೆದೆ. ಸುತ್ತಿಗೆ ನಿಂತಿತು, ಕಲಸುವ ಯಂತ್ರ ನಿಂತಿತು. ಅಷ್ಟು ದೊಡ್ಡ ಸೈಟಿನ ಮೌನವನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ. ಎದೆಯಲ್ಲಿ ಅದು ಕುಣಿಯುತ್ತಲೇ ಇತ್ತು. ನೀನಿದ್ದೀ, ನಾನೂ ಇದ್ದೇನೆ. ಕೆಳಗೆ ಅವರೂ ಇದ್ದರು. ಬೆರಳಿಗೆ ಜೀವ ಬಂದ ಮೇಲೆ 'ಆಯ್ತು' ಎಂದೆ. ಶಿಳ್ಳೆ ಮಾವ, ನಡುವೆ ಏನೂ ಆಗಿಲ್ಲವೆಂಬ ಹಾಗೆ, 'ಒಂದು ಗೇಣು ಬಲಕ್ಕೆ' ಎಂದರು. ಬಿಟ್ಟೆ, ಸರಿಯಾಗಿ ಒಂದು ಗೇಣು. ಕೆಳಗೆ ಯಾರೋ ಚಪ್ಪಾಳೆ ಹೊಡೆದರು, ಮಾವ ಬೈದು ನಿಲ್ಲಿಸಿದರು. ಆವತ್ತು ಏಣಿ ಇಳಿಯುವಾಗ ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಲೈಸೆನ್ಸು ಬಂದ ದಿನವೂ ಅಷ್ಟಾಗಿರಲಿಲ್ಲ.

ಈಗ ನಿನ್ನೆಯ ವಿಷಯ. ಇದಕ್ಕಾಗಿಯೇ ಕೂತು ಬರೆಯುತ್ತಿದ್ದೇನೆ.

ಮಧ್ಯಾಹ್ನ ಗಾಳಿ ಸ್ವಲ್ಪ ಎದ್ದಿತ್ತು. ನನ್ನ ಕೊಕ್ಕೆ ಖಾಲಿ. ಪೈಲ್ವಾನನ ಕೊಕ್ಕೆಯಲ್ಲಿ ಕಾಂಕ್ರೀಟು ಗೋಡೆಯ ಅಚ್ಚಿನ ಒಂದು ಹಲಗೆ, ಅರ್ಧ ದಾರಿಯಲ್ಲಿ. ರೇಡಿಯೋದಲ್ಲಿ ಒಂದು ದನಿ, 'ಬಂತು' ಎಂದಿತು. ಎಲ್ಲರೂ ನನ್ನ ಕ್ರೇನಿನ ಕಡೆ ನೋಡಿದರು. ನಾನು ಹೇಳಿರಲಿಲ್ಲ.

ಮತ್ತೆ ಬಂತು ಆ ದನಿ, ಇನ್ನೂ ಸಣ್ಣಗೆ. 'ಮಾವ, ನಾನು. ಎರಡನೇ ಕ್ರೇನು. ಸ್ವಲ್ಪ ನಿಲ್ಸಿ ಎಲ್ಲಾ.'

ಸೈಟು ನಿಂತಿತು. ಒಬ್ಬರೂ ನಗಲಿಲ್ಲ ಅಮ್ಮ. ಗಾಜಿನಾಚೆ ಅವರ ಕ್ಯಾಬಿನ್ ಕಾಣುತ್ತಿತ್ತು. ಆ ದೊಡ್ಡ ದೇಹ ಸೀಟಿನಲ್ಲಿ ಮುಂದಕ್ಕೆ ಬಾಗಿತ್ತು, ಲಿವರಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದರು. ಎಷ್ಟು ವರ್ಷದಿಂದ ಅವರು ಒಬ್ಬರೇ ಇದನ್ನು ಹೊತ್ತು ಹತ್ತಿ ಇಳಿದರೋ ನನಗೆ ಗೊತ್ತಿಲ್ಲ.

'ಪುಟ್ಟಿ, ಇದೀಯಾ?'

'ಇದೀನಿ ಅಣ್ಣ.'

'ನೀನು ಅದೇನೋ ಹೇಳ್ಕೋತೀಯಲ್ಲ... ನನಗೆ ನಿಮ್ಮ ದೇವರ ಪರಿಚಯ ಇಲ್ಲಮ್ಮ. ಏನನ್ನಬೇಕೋ ಗೊತ್ತಾಗ್ತಿಲ್ಲ.'

'ಪರವಾಗಿಲ್ಲ ಅಣ್ಣ. ನೀವು ಉಸಿರಾಡ್ತಾ ಇರಿ. ಹೇಳೋದು ನಾನು ಹೇಳ್ತೀನಿ.'

ಹೇಳಿದೆ ಅಮ್ಮ. ಇಡೀ ಸೈಟಿಗೆ ಕೇಳುವ ಹಾಗೆ ಹೇಳಿದೆ.

ನಿನ್ನ ಮಗಳು